ನೈಲ್ ಕಾಡಿನಲ್ಲಿ ಚೆಲ್ಲಿದ ಚರಗ

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಡಿಡ್ಸ್‌ಬರಿಯ ಬಿಸಿಲಿಗೆ ಬಣ್ಣವಿತ್ತು, ಕಾವಿರಲಿಲ್ಲ. ಮರ್ಸಿ ನದಿಯ ಒಡ್ಡಿನ ಈಚೆಗೆ ಕೌನ್ಸಿಲ್‌ನವರು ಬಾಡಿಗೆಗೆ ಕೊಡುವ ತೋಟದ ತುಂಡುಗಳಿದ್ದವು. ಇಲ್ಲಿಯವರು ಅವನ್ನು ಅಲಾಟ್‌ಮೆಂಟ್ ಅನ್ನುತ್ತಾರೆ, ಸಿದ್ದವ್ವ ಹೊಲ ಅನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮುಧೋಳದ ಕಡೆಯಿಂದ ಮಗನ ಮನೆಗೆ ಬಂದವಳಿಗೆ ಒಳಗೆ ಕೂತು ಕೂತು ಕಾಲು ಜಡ್ಡುಗಟ್ಟತೊಡಗಿದಾಗ ಸೊಸೆ ಸೌಮ್ಯಾಳೇ ಓಡಾಡಿ ಈ ತುಂಡು ಹಿಡಿದು ಕೊಟ್ಟಿದ್ದಳು. ಈಗ ಅದರಲ್ಲಿ ಮೆಂತ್ಯ ಬೆರಳುದ್ದ ಎದ್ದಿತ್ತು, ಅವರೆ ಬಳ್ಳಿ ಕೋಲು ಬಿಟ್ಟು ನೆಲಕ್ಕೆ ಬಾಗಿತ್ತು, ಆಲೂಗಡ್ಡೆಯ ಹಂಬು ಒಣಗಿ ಕೀಳುವುದಕ್ಕೆ ಬಂದಿತ್ತು.

ಸಿದ್ದವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಮಗನ ಹಳೆಯ ಬೂಟು ಮೆಟ್ಟಿ, ನಾಲ್ಕು ಹಲ್ಲಿನ ಫೋರ್ಕನ್ನು ಗಿಡದಿಂದ ಒಂದು ಗೇಣು ದೂರದಲ್ಲಿ ನೆಟ್ಟು ಮೀಟುತ್ತಿದ್ದಳು. ಮೈತ್ರೇಯಿ ಹಿಂದೆ ಕುಕ್ಕರಗಾಲಲ್ಲಿ ಕೂತು ಗಡ್ಡೆ ಆರಿಸುತ್ತಿದ್ದಳು. ಮೈಸೂರಿನ ಹುಡುಗಿ, ಸಾಲ್ಫರ್ಡ್‌ನಲ್ಲಿ ಕೋಣೆ ಮಾಡಿಕೊಂಡು ಓದುವವಳು. ಶನಿವಾರ ಟ್ರಾಮ್ ಹತ್ತಿ ಬಂದರೆ ಕೆಲಸವೂ ಆಯಿತು, ಹೋಗುವಾಗ ಒಂದು ಕಟ್ಟು ಸೊಪ್ಪು, ನಾಲ್ಕು ಜೋಳದ ರೊಟ್ಟಿಯೂ ಆಯಿತು.

"ಅಜ್ಜಿ, ಸಾಕು ಬಿಡಿ. ಬೆನ್ನು ಹಿಡ್ಕೊಳ್ಳುತ್ತೆ."

"ಬೆನ್ನು ನಂದು, ನಿನಗ್ಯಾಕ ನೋವು? ಸಣ್ಣವು ಬಿಡಬ್ಯಾಡ. ಸಣ್ಣವಕ್ಕ ರುಚಿ ಇರ್ತೈತಿ."

"ಎಲ್ಲಾ ಆರಿಸ್ತಿದೀನಿ. ಇದು ಕಲ್ಲು ಅಲ್ವಾ?"

"ಕಲ್ಲ ಅದು. ಹಾಕ್ಕೊ, ಕುದಿಸಿ ತಿನ್ನು. ಎಂ.ಎಸ್ಸಿ. ಓದೂ ಹುಡುಗಿ."

ಮೈತ್ರೇಯಿ ನಕ್ಕು ಕಲ್ಲನ್ನು ಬೇಲಿಗೆ ಎಸೆದಳು. ಆಗ ಚೀಲದೊಳಗಿನ ಫೋನ್ ಹೊಡೆದುಕೊಂಡಿತು. ಸಿದ್ದವ್ವ ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿ ತೆಗೆದು ನೋಡಿದಳು. ಪರದೆಯ ಮೇಲೆ ಒಕೆಲ್ಲೊನ ಮುಖ ಕಂಡು ಅವಳ ಮುಖ ಅರಳಿತು.

"ಬಾ ಇಲ್ಲೆ ಮೈತ್ರಿ, ನಮ್ಮ ಆಫ್ರಿಕಾದ ಹುಡುಗ. ಯುಗಾಂಡದಾಗ ನಮ್ಮ ಗಾಡಿ ಹೊಡದಾಂವ, ಕಾಡು ತೋರಿಸಿದಾಂವ. ನನಗ ಮಾಮಾ ಅಂತಾನ. ಅವರ ಕಡೆ ತಾಯಿಗೆ ಹಂಗ ಅಂತಾರಂತ. ನನ್ನ ಗಂಡಸ ಮಾಡಿಬಿಟ್ಟಾನ ನೋಡು."

ಆದರೆ ಒಕೆಲ್ಲೊ ನಗಲಿಲ್ಲ. ಅವನ ಹಿಂದೆ ಸಫಾರಿ ಗಾಡಿ ಇರಲಿಲ್ಲ, ಹಸಿ ಇಟ್ಟಿಗೆಯ ಸಾಲುಗಳಿದ್ದವು. ಮೊದಲು ಸಿದ್ದವ್ವನ ಆರೋಗ್ಯ ಕೇಳಿದ. ಹೊಲ ತೋರಿಸು ಅಂದ, ಮೈತ್ರೇಯಿ ತೋರಿಸಿದಳು. ಆಮೇಲೆ ಮೆಲ್ಲಗೆ, ತಲೆ ತಗ್ಗಿಸಿ ಮಾತು ತೆಗೆದ. ಮೈತ್ರೇಯಿ ಹೂಂಗುಡುತ್ತ ಹೋದಳು. ನಡುವೆ ಒಮ್ಮೆ ಅವಳ ಕಣ್ಣು ಸಿದ್ದವ್ವನ ಕಡೆ ಹೊರಳಿ, ಸಿಕ್ಕಿಬಿದ್ದವರ ಹಾಗೆ ತಿರುಗಿ ಹೋಯಿತು. ಸಿದ್ದವ್ವ ಅದನ್ನು ನೋಡಿದಳು.

"ಏನಂತಾನ?"

"ಏನಿಲ್ಲ ಅಜ್ಜಿ, ನಿಮ್ಮ ಮಗ ಡಾಕ್ಟರ್‌ಗೆ ತುಂಬಾ ಸಲ ಫೋನ್ ಮಾಡಿದ್ನಂತೆ, ಸಿಗಲಿಲ್ವಂತೆ…"

"ಮೈತ್ರಿ. ಅಂವ ಅಷ್ಟೊತ್ತು ಮಾತಾಡಿದ. ನೀ ಇಷ್ಟ ಹೇಳಿದಿ."

ಮೈತ್ರೇಯಿ ಫೋನನ್ನು ಎದೆಗೆ ಒತ್ತಿ ಹಿಡಿದು ಹೇಳಿದಳು. ನೀವು ಅಲ್ಲಿ ಕೋತಿಗಳಿಗೆ ರೊಟ್ಟಿ ಚೆಲ್ಲಿದ್ರಲ್ಲ, ಆ ವಿಡಿಯೋ ಎಲ್ಲಾ ಕಡೆ ಹೋಗಿದೆ. ಕಾಡಿನ ಅಧಿಕಾರಿಗಳ ಕೈಗೂ ಸಿಕ್ಕಿದೆ. ಗಾಡಿ ಬಾಗಿಲ ಮೇಲಿದ್ದ ಕಂಪನಿ ಹೆಸರಿಂದ ಇವನನ್ನ ಹಿಡಿದಿದಾರೆ. ಪ್ರಾಣಿಗೆ ತಿನ್ನಿಸೋದು ಅಲ್ಲಿ ತಪ್ಪು. ತಪ್ಪಿಸಬೇಕಾದ ಗೈಡೇ ಗಾಡಿ ನಿಲ್ಲಿಸಿಕೊಟ್ಟ ಅಂತ ಅವನ ಪರ್ಮಿಟ್ ಕಿತ್ಕೊಂಡಿದಾರೆ. ಈಗ ಅಣ್ಣನ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡ್ತಿದಾನೆ. ಬುಧವಾರ ವಿಚಾರಣೆ ಇದೆ. ತಾನು ಬೇಡ ಅಂದಿದ್ದು ಪೂರ್ತಿ ವಿಡಿಯೋದಲ್ಲಿದೆ, ಎಲ್ಲರೂ ನೋಡಿರೋದರಲ್ಲಿ ಅದನ್ನ ಕತ್ತರಿಸಿದೆ. ಪೂರ್ತಿದು ಕಳಿಸಿ ಅಂತ ಕೇಳ್ತಿದಾನೆ, ಅಷ್ಟೇ.

"ಬ್ಯಾಡ ಅಂದಿದ್ನಾ?"

ಮೈತ್ರೇಯಿ ಹೌದೆಂದು ತಲೆಯಾಡಿಸಿದಳು.

"ಮಂಗ್ಯಾಗ ಒಂದು ರೊಟ್ಟಿ ಹಾಕಿದ್ದಕ್ಕ ಮನಶ್ಯಾನ ಕೆಲಸ ತಗೀತಾರೇನು?"

"ಅದೊಂದೇ ಅಲ್ಲ ಅಜ್ಜಿ. ಅದರಲ್ಲಿ ಕಿವಿ ಹರಿದಿದ್ದ ದೊಡ್ಡ ಗಂಡು ಕೋತಿ ಇತ್ತಂತಲ್ಲ, ಬಬೂನು. ಆ ದಿನದಿಂದ ಅದೇ ತಿರುವಲ್ಲಿ ಗಾಡಿಗಳಿಗೆ ಕಾದು ಕೂರ್ತಿತ್ತಂತೆ. ಒಂದಿನ ಯಾರದೋ ಗಾಡಿ ಒಳಗೆ ನುಗ್ಗಿ ಒಬ್ಬ ಹೆಂಗಸಿನ ಕೈ ಕಚ್ಚಿದೆ. ಅದಕ್ಕೆ…" ಅವಳು ನಿಲ್ಲಿಸಿ, "ಗುಂಡು ಹೊಡೆದ್ರಂತೆ" ಅಂದಳು.

ಸಿದ್ದವ್ವ ಫೋರ್ಕಿನ ಹಿಡಿಯ ಮೇಲೆ ಎರಡೂ ಕೈ ಊರಿ ನಿಂತಳು. ಪರದೆಯಲ್ಲಿ ಒಕೆಲ್ಲೊ ಕಾಯುತ್ತಿದ್ದ. ಅವನಿಗೆ ಏನು ಹೇಳಬೇಕೆಂದು ಮೈತ್ರೇಯಿ ಕೇಳಿದಳು. "ಕಳಸ್ತೀವಿ ಅಂತ ಹೇಳು" ಅಂದಳು ಸಿದ್ದವ್ವ. ಮುಖ ಮಾತ್ರ ಫೋನಿಗೆ ಕೊಡಲಿಲ್ಲ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಹೋಗಿದ್ದರು. ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಬಿಡುವು ಸಿಕ್ಕಿದ್ದು ಎಷ್ಟೋ ವರ್ಷಕ್ಕೆ. ಮಗ ಶ್ರೀಕಾಂತ ತಾಯಿಯನ್ನೂ ಹೊರಡಿಸಿದ. ದೋಣಿಯಲ್ಲಿ ಕೂತು ನೈಲ್ ನದಿಯ ಮೇಲಕ್ಕೆ ಹೋದದ್ದು, ಕೆರೆಗೆ ಬಿದ್ದ ಎಮ್ಮೆಗಳ ಹಾಗೆ ನೀರಾನೆಗಳು ಕಿವಿಯಷ್ಟೇ ಮೇಲೆ ಬಿಟ್ಟು ಮಲಗಿದ್ದು, ಅಷ್ಟು ಅಗಲದ ಹೊಳೆ ಎರಡು ಚಕ್ಕಡಿ ದಾಟುವಷ್ಟು ಕಿರಿದಾದ ಬಂಡೆಯ ಸಂದಿಯಲ್ಲಿ ನುಗ್ಗಿ ಕೆಳಕ್ಕೆ ಬೀಳುವುದನ್ನು ಒದ್ದೆ ದಾರಿ ಹತ್ತಿ ಹೋಗಿ ನೋಡಿದ್ದು ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು. ಮಗ ಸೊಸೆ ರಬ್ಬರ್ ದೋಣಿಯಲ್ಲಿ ಸುಳಿಗಳ ಮೇಲೆ ಇಳಿದ ದಿನ ಅವಳು ದಂಡೆಯ ಮರದಡಿ ಒಕೆಲ್ಲೊನ ಜೊತೆ ಕೂತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅವನು ಫೋನಿನಲ್ಲಿ ತನ್ನ ಮನೆಯ ಆಕಳು ತೋರಿಸಿದ. ಅವಳು ಬಾಯಿ ತೆರೆದು, ಹಲ್ಲು ಮುಟ್ಟಿ, ಅದರ ವಯಸ್ಸು ತಿಳಿಯಲು ಎಷ್ಟು ಹಲ್ಲು ಎಂದು ಕೈಯಲ್ಲೇ ಕೇಳಿದಳು. ಅವನು ಬೆರಳು ಎತ್ತಿ ತೋರಿಸಿದ. ಕೆಚ್ಚಲು, ಕೋಡು, ಈದದ್ದು, ಕರು ಸತ್ತದ್ದು, ಮಳೆ ತಡವಾದದ್ದು, ಎಲ್ಲವನ್ನೂ ಅವರಿಬ್ಬರು ಕೈಸನ್ನೆಯಲ್ಲೇ ಮಧ್ಯಾಹ್ನದವರೆಗೆ ಮಾತಾಡಿದ್ದರು.

ಅದಾದ ಮೂರನೆಯ ದಿನ ಎಳ್ಳಮಾವಾಸ್ಯೆ. ಊರಲ್ಲಿದ್ದರೆ ಆ ದಿನ ಬೆಳೆ ನಿಂತ ಹೊಲಕ್ಕೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿ, ಬಸುರಿ ಭೂಮ್ತಾಯಿಗೆ ಬಯಕೆಯ ಊಟ ಇಟ್ಟು, ಎಡೆಯ ಅಡುಗೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಹಕ್ಕಿ, ಇರುವೆ, ನರಿ, ಯಾವುದು ತಿಂದರೂ ಅದು ಭೂಮಿಗೆ ಮುಟ್ಟಿದ ಹಾಗೆ. ಸಿದ್ದವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಅದಕ್ಕೇ ಡಿಡ್ಸ್‌ಬರಿಯಿಂದಲೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿ ತಂದಿದ್ದಳು. ಬಬೂನುಗಳ ಹಿಂಡು ದಾರಿಯ ತಿರುವಿನಲ್ಲಿ ಕೂತಿತ್ತು. ಗಾಡಿ ನಿಂತಿತು. ಬಾಗಿಲು ತೆಗೆದವನು ಶ್ರೀಕಾಂತನೇ. ಒಕೆಲ್ಲೊ ಮುಂದಿನ ಸೀಟಿನಿಂದ ತಿರುಗಿ ಏನೋ ಹೇಳುತ್ತಿದ್ದ, ಕೈ ಅಡ್ಡಡ್ಡ ಆಡಿಸುತ್ತಿದ್ದ. ಏನಂತಾನೋ ಅಂತ ಅವಳು ಕೇಳಿದ್ದಳು. "ಚೆಲ್ಲಬೇ, ಏನಾಗಂಗಿಲ್ಲ ಅಂತಾನ" ಅಂದಿದ್ದ ಮಗ. ಅವಳು ಚೆಲ್ಲಿದಳು. ಸೌಮ್ಯಾ ಫೋನಿನಲ್ಲಿ ಹಿಡಿದಳು.

ಯುಗಾದಿಗೆ ಮ್ಯಾಂಚೆಸ್ಟರಿನ ಕನ್ನಡದವರೆಲ್ಲ ಸೇರಿದಾಗ ಆ ವಿಡಿಯೋವನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ಹಾಕಿದ್ದರು. ಹಿಂದೆ ಡೊಳ್ಳಿನ ಸದ್ದು ಕೂಡಿಸಿತ್ತು. ಆಫ್ರಿಕಾದಾಗ ಚರಗ ಚೆಲ್ಲಿ ಬಂದ ಅವ್ವ ಅಂತ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬಿಬ್ಬರು ಕಾಲಿಗೂ ಬಿದ್ದರು. ಅವಳು ಬೇಡ ಅನ್ನಲಿಲ್ಲ.

ಈಗ ಒಡ್ಡಿನ ದಾರಿಯಲ್ಲಿ ಆಲೂಗಡ್ಡೆಯ ಚೀಲ ಎಳೆದುಕೊಂಡು ನಡೆಯುವಾಗ ಕಣ್ಮುಂದೆ ಬಂದದ್ದು ಆ ಚಪ್ಪಾಳೆಯಲ್ಲ, ಅಡ್ಡಡ್ಡ ಆಡಿದ ಆ ಕೈ. ಮಗ ಸುಳ್ಳು ಹೇಳಿದ್ದ, ಸರಿ. ಆದರೆ ಹಲ್ಲು, ಕೆಚ್ಚಲು, ಸತ್ತ ಕರುವಿನ ದುಃಖ, ಇಷ್ಟನ್ನೂ ಅದೇ ಕೈಯಿಂದ ತಿಳಿದುಕೊಂಡವಳಿಗೆ ಬೇಡ ಅನ್ನುವುದೊಂದು ತಿಳಿಯಲಿಲ್ಲವೇ? ತಿಳಿದಿತ್ತು. ಬುತ್ತಿ ಬಿಚ್ಚಿಯಾಗಿತ್ತು, ಅಮಾವಾಸ್ಯೆ ದಾಟಿಹೋಗುತ್ತಿತ್ತು, ಮಗ ಹೂಂ ಅಂದಿದ್ದ. ತಿಳಿಯದವಳ ಹಾಗೆ ಇದ್ದುಬಿಟ್ಟಳು. ಮೈತ್ರೇಯಿ ಚೀಲದ ಇನ್ನೊಂದು ಕಿವಿ ಹಿಡಿಯಲು ಬಂದಾಗ "ಬಿಡವ್ವ" ಅಂದಳು. ಅವಳಿಗೆ ಆ ಹುಡುಗಿಯ ಮುಖ ನೋಡಲು ಆಗಲಿಲ್ಲ. ಮೈತ್ರೇಯಿ ಟ್ರಾಮ್ ನಿಲ್ದಾಣದ ಕಡೆ ತಿರುಗಿದಳು.

ಮನೆಯಲ್ಲಿ ಶ್ರೀಕಾಂತ ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದು, ಅಡುಗೆಮನೆಯ ಮೇಜಿನಲ್ಲಿ ಚಹಾ ಹಿಡಿದು ಕೂತಿದ್ದ. ಸೌಮ್ಯಾ ಬದನೆಕಾಯಿ ಸೀಳುತ್ತಿದ್ದಳು. ಸಿದ್ದವ್ವ ಬೂಟು ಕಳಚಿ, ಕೈಕಾಲು ತೊಳೆದು, ಮಗನ ಎದುರಿನ ಕುರ್ಚಿಯಲ್ಲಿ ಕೂತಳು.

"ಒಕೆಲ್ಲೊ ಫೋನ್ ಮಾಡಿದ್ದ."

ಶ್ರೀಕಾಂತ ಕಪ್ಪನ್ನು ಕೆಳಗಿಟ್ಟ. "ನಿನಗ ಯಾಕ ಮಾಡಿದ ಅಂವ?"

"ನೀ ಎತ್ತಲಿಲ್ಲಂತ."

"ನಾ ನೋಡ್ಕೋತೀನಿ ಬೇ. ಇಂವ ಭಾಳ ಒಳ್ಳೆ ಗೈಡು ಅಂತ ನಾಲ್ಕು ಸಾಲು ಬರೆದು ಕಳಸ್ತೀನಿ. ನನ್ನ ಹೆಸರು, ಆಸ್ಪತ್ರಿ ಹೆಸರು ಇದ್ರ ಅವರು ಕೇಳ್ತಾರ."

"ಅಂವ ಅದನ್ನ ಕೇಳಿಲ್ಲ. ಪೂರ್ತಿ ವಿಡಿಯೋ ಕೇಳ್ಯಾನ."

"ಅದು ಇಲ್ಲೀಗ. ಅಳಿಸಿ ಹೋಗೈತಿ."

ಸೌಮ್ಯಾಳ ಚಾಕು ನಿಂತಿತು. ಅವಳು ತಿರುಗದೆ ಹೇಳಿದಳು, "ಅಳಿಸಿಲ್ಲ ಅತ್ತಿ. ನನ್ನ ಫೋನಿನಾಗ ಐತಿ."

"ಸೌಮ್ಯಾ."

"ಎಷ್ಟು ತಿಂಗಳಾತ್ರಿ ಅಂವ ಕೇಳಾಕ ಹತ್ತಿ? ನನಗ ಪೇಷಂಟ್ ಮುಂದ ಕುಂತಾಗೂ ಅದ ನೆನಪಾಗ್ತೈತಿ. ನೀವು ಕಳಸಬ್ಯಾಡ ಅಂದ್ರಿ, ನಾ ಸುಮ್ಮನಾದೆ. ನಂದೂ ತಪ್ಪ."

"ನಿಮಗಿಬ್ಬರಿಗೂ ತಿಳಿಯಂಗಿಲ್ಲ" ಅಂದ ಶ್ರೀಕಾಂತ. ದನಿ ಏರಲಿಲ್ಲ, ಒಣಗಿತ್ತು. "ಅದರಾಗ ನನ್ನ ದನಿ ಐತಿ. ಇಲ್ಲಿ ಒಬ್ಬರ ಫೋನಿನಾಗ ಬಂದದ್ದು ನಾಳೆ ಎಲ್ಲಾರ ಫೋನಿನಾಗ ಇರ್ತೈತಿ. ವಾರ್ಡಿನ್ಯಾಗ ಅರ್ಧಕ್ಕರ್ಧ ನರ್ಸ್‌ಗಳು ಆಫ್ರಿಕಾದವರ. ನಾ ದಿನಾ ಅವರ ಜೋಡಿ ನಿಂತು ಆಪರೇಷನ್ ಮಾಡಬೇಕು. ಅವರು ಇದನ್ನ ಕೇಳಿದ್ರ ನನ್ನ ಮುಖ ನೋಡ್ತಾರೇನು?"

"ನೀ ಏನಂದಿದ್ದಿ ಅಂವಗ?"

ಅವನು ಕಿಟಕಿಯ ಕಡೆ ನೋಡಿದ.

"ಸೌಮ್ಯಾ, ಹಚ್ಚವ್ವ ಅದನ್ನ."

ಸೌಮ್ಯಾ ಕೈ ಒರೆಸಿಕೊಂಡು ಬಂದು ಫೋನನ್ನು ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಗೆ ಒರಗಿಸಿ ಇಟ್ಟಳು. ಡೊಳ್ಳು ಇರಲಿಲ್ಲ. ಎಂಜಿನ್ನಿನ ಗುರುಗುರು, ಎಲ್ಲೋ ಒಂದು ಹಕ್ಕಿಯ ಕೂಗು. ಒಕೆಲ್ಲೊನ ದನಿ, ಮೊದಲು ನಗುತ್ತ, ಆಮೇಲೆ ನಗದೆ. ನೋ, ಮಾಮಾ. ನೋ, ಡಾಕ್ಟರ್, ಪ್ಲೀಸ್. ಆಮೇಲೆ ಉದ್ದದ ಒಂದು ಮಾತು. ಅದರ ಮೇಲೆ ಶ್ರೀಕಾಂತನ ದನಿ ಬಂತು. ಇಂಗ್ಲಿಷ್ ತಿಳಿಯದಿದ್ದರೂ ಆ ದನಿ ಸಿದ್ದವ್ವನಿಗೆ ತಿಳಿಯಿತು. ಅವಳ ಚಿಕ್ಕಂದಿನಲ್ಲಿ ಊರಗೌಡರು ಅಗಸೆಬಾಗಿಲ ಕಟ್ಟೆಯ ಮೇಲೆ ಕೂತು ಜೀತದಾಳುಗಳನ್ನು ಕರೆಯುತ್ತಿದ್ದ ದನಿ ಅದು. ಅಂಥ ದನಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಒಕೆಲ್ಲೊ ಒಂದೇ ಶಬ್ದ ಅಂದ, ಓಕೆ. ಗಾಡಿಯ ಎಂಜಿನ್ ನಿಂತಿತು. ಪರದೆಯಲ್ಲಿ ಅವಳ ಕೈಯೇ ಬುತ್ತಿಯೊಳಗೆ ಹೋಯಿತು.

"ಈಗ ಹೇಳು. ಕನ್ನಡದಾಗ."

"ಬಿಡ ಬೇ."

"ಅವತ್ತು ನೀನ ತಿಳಿಸಿ ಹೇಳಿದ್ದಿ. ಇವತ್ತೂ ನೀನ ಹೇಳಬೇಕು. ಒಕೆಲ್ಲೊ ಹೇಳಿದ್ದನ್ನ ಮೈತ್ರಿನ್ನ ಕೇಳಿದ್ರ ಹೇಳ್ತಿದ್ಲು, ನಾ ಕೇಳಲಿಲ್ಲ."

ಶ್ರೀಕಾಂತ ಹಣೆಯ ಮೇಲೆ ಕೈ ಇಟ್ಟುಕೊಂಡ. ನಲವತ್ತೈದು ದಾಟಿದವನು, ಎಲುಬಿನ ಡಾಕ್ಟರ್, ದಿನವೂ ಎಷ್ಟೋ ಜನರಿಗೆ ಕೆಟ್ಟ ಸುದ್ದಿಯನ್ನು ಕುರ್ಚಿ ಎಳೆದು ಕೂತು ಹೇಳುವವನು. "ಅಂವ ಅಂದ, ತಿನ್ನಸಬ್ಯಾಡ್ರಿ, ಕಾಯ್ದೆ ಒಪ್ಪಂಗಿಲ್ಲ. ತಿಂದು ರೂಢಿ ಆದ್ರ ಅವು ಮನಶ್ಯಾರ ಮೈಮೇಲೆ ಬರ್ತಾವು, ಆಮೇಲೆ ಅವನ್ನ ಕೊಲ್ಲತಾರ ಅಂದ."

"ಕೊಲ್ಲತಾರ ಅಂತ ಆಗ ಅಂದಿದ್ದ?"

"ಅಂದಿದ್ದ."

"ಆಮೇಲೆ ನೀನು?"

"ನಾನು… ನಮ್ಮವ್ವಗ ಇದು ದೇವರ ಕೆಲಸ, ಐದು ನಿಮಿಷ ನಿಲ್ಲಸು ಅಂದೆ."

ಸೌಮ್ಯಾ ಸಿಂಕಿನ ಕಡೆ ನೋಡುತ್ತ, "ಪೂರ್ತಿ ಹೇಳ್ರಿ" ಅಂದಳು.

ಶ್ರೀಕಾಂತ ಕಪ್ಪನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ನೀ ಗಾಡಿ ಹೊಡಿಲಿಕ್ಕೆ ಬಂದಾಂವ, ನಮಗ ಬುದ್ಧಿ ಹೇಳಲಿಕ್ಕಲ್ಲ ಅಂದೆ. ನಿಂತ ಜಾಗಾದಾಗ ಬಾಯಿ ಮುಚ್ಚಿಕೊಂಡು ನಿಲ್ಲಸು, ಇಲ್ಲಾಂದ್ರ ನಿಮ್ಮ ಆಫೀಸಿಗೆ ಫೋನ್ ಮಾಡ್ತೀನಿ, ನಾಳೆಯಿಂದ ನಿನಗ ಕೆಲಸ ಇರಂಗಿಲ್ಲ ಅಂದೆ." ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವನ ಕಿವಿಯ ತುದಿ ಕೆಂಪಾಗಿತ್ತು. "ನೀನು ಊರಿಂದ ಬಂದಾಗಿಂದ ಎಲ್ಲೂ ಖುಷಿಲೆ ಇರಲಿಲ್ಲ ಬೇ. ಅವತ್ತು ಬುತ್ತಿ ಬಿಚ್ಚಿದಾಗ ನಿನ್ನ ಮುಖ ನೋಡಿದೆ. ಯಾರೋ ಒಬ್ಬ ಬ್ಯಾಡ ಅಂದ್ರ…"

"ನನ್ನ ಮ್ಯಾಲೆ ಹಾಕಬ್ಯಾಡ ಅದನ್ನ."

"ಹಾಕಾಕತ್ತಿಲ್ಲ."

"ಹಾಕಾಕತ್ತಿ. ಇರಲಿ, ನನಗ ಬರೂದು ನಾ ಹೊರ್ತೀನಿ. ನಿಂದು ನೀ ಹೊರು."

ಅವಳು ಬಯ್ಯುತ್ತಾಳೆಂದು ಅವನು ಕಾದಿದ್ದನೇನೋ. ಅವಳು ಬಯ್ಯಲಿಲ್ಲ. ಸೆರಗಿನಿಂದ ಮೇಜಿನ ಮೇಲೆ ಉದುರಿದ್ದ ಹೊಲದ ಮಣ್ಣನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡುತ್ತ ಕೂತಳು. ಸೌಮ್ಯಾ ಫೋನನ್ನು ಗಂಡನ ಮುಂದೆ ಸರಿಸಿದಳು. ಅವನು ಅದನ್ನು ಕೈಗೆತ್ತಿಕೊಂಡು, ಒಮ್ಮೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡ.

"ನನ್ನ ಮಾತು ತಗದು, ಅಂವ ಬ್ಯಾಡ ಅಂದದ್ದಷ್ಟ ಕಳಸಿದ್ರ ಅಂವಗ ಸಾಕಾಗ್ತೈತಿ" ಅಂದ, ಯಾರಿಗೂ ಅಲ್ಲ ಅನ್ನುವ ಹಾಗೆ.

"ಬ್ಯಾಡ ಅಂದಾಂವ ಮತ್ತ ಯಾಕ ನಿಲ್ಲಿಸಿದ ಅಂತ ಕೇಳಂಗಿಲ್ಲೇನು ಅವರು?" ಅಂದಳು ಸಿದ್ದವ್ವ.

ಕೇಳುತ್ತಾರೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅವನು ತನ್ನ ಫೋನಿಗೆ ಪೂರ್ತಿ ವಿಡಿಯೋ ತೆಗೆದುಕೊಂಡು, ಒಕೆಲ್ಲೊನ ಹೆಸರು ಹುಡುಕಿದ. ಅಲ್ಲಿ ತಿಂಗಳುಗಟ್ಟಲೆ ಒಕೆಲ್ಲೊ ಬರೆದ ಸಂದೇಶಗಳಿದ್ದವು, ಒಂದರ ಕೆಳಗೆ ಒಂದು, ಎಲ್ಲವೂ ಡಿಯರ್ ಡಾಕ್ಟರ್ ಎಂದೇ ಶುರುವಾಗುತ್ತಿದ್ದವು. ಇವನು ಉತ್ತರ ಬರೆಯಬೇಕಾದ ಎದುರುಬದಿ ಖಾಲಿಯಿತ್ತು. ಆ ಖಾಲಿಯ ಕೆಳಗೆ ಅವನು ಬರೆದ. ಈ ವಿಡಿಯೋದಲ್ಲಿ ಬೆದರಿಸುವ ದನಿ ನನ್ನದು, ಹೆಸರು ಇದು, ಇವನು ನಮ್ಮನ್ನು ತಡೆದ, ನಾನು ಕೇಳಲಿಲ್ಲ, ವಿಚಾರಣೆಯಲ್ಲಿ ಯಾರು ಬೇಕಾದರೂ ನನಗೆ ಫೋನ್ ಮಾಡಬಹುದು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ. ಅವಳು ಕೇಳಿರಲಿಲ್ಲ, ಅವನೇ ಹೇಳಿದ.

"ನಂದೂ ಒಂದು ಹಾಕು" ಅಂದಳು ಸಿದ್ದವ್ವ.

"ಏನಂತ?"

"ಮುದುಕಿಗೆ ಭಾಷಾ ತಿಳಿಯಂಗಿಲ್ಲ ಅಂತ ಯಾರರ ಅಂತಾರ, ಅದಕ್ಕ. ಇಂವ ಬ್ಯಾಡ ಅಂತ ಕೈ ಮಾಡಿದ್ದ, ನಾ ನೋಡಿದೆ. ನನಗ ತಿಳೀತು. ತಿಳದೂ ಚೆಲ್ಲಿದೆ. ಹಂಗ ಬರಿ."

"ಯವ್ವಾ, ನೀ ಯಾಕ…"

"ಬರಿ ಅಂದೆ."

ಅವನು ಅದನ್ನೂ ಬರೆದ. ಕಳಿಸಿದ. ಗುಂಪುಗಳಿಗೆ ತಾನು ಹಾಕಿದ್ದ ಡೊಳ್ಳಿನ ವಿಡಿಯೋವನ್ನು ಒಂದೊಂದಾಗಿ ಅಳಿಸುತ್ತ ಹೋದ. ಬೇರೆಯವರು ಮುಂದಕ್ಕೆ ಕಳಿಸಿದ್ದು ಅವನ ಕೈಯಲ್ಲಿರಲಿಲ್ಲ. ಕೊನೆಗೆ ಅವನೇ ಕನ್ನಡದವರ ದೊಡ್ಡ ಗುಂಪಿಗೆ ಆ ಕೋತಿಯನ್ನು ಕೊಂದರಂತೆ, ತಪ್ಪು ನಮ್ಮದು, ಇದನ್ನು ಯಾರೂ ಮುಂದಕ್ಕೆ ಕಳಿಸಬೇಡಿ ಎಂದು ಹಾಕಿದ. ಮರುಕ್ಷಣವೇ ಯಾರೋ ಕೈಮುಗಿದ ಚಿತ್ರ ಹಾಕಿದರು. ಇನ್ಯಾರೋ, ಅಯ್ಯೋ ಡಾಕ್ಟ್ರೇ, ಭಕ್ತಿಯಿಂದ ಮಾಡಿದ್ದಕ್ಕೆ ಪಾಪವಿಲ್ಲ ಬಿಡಿ ಅಂದರು. ಅದನ್ನು ಸೌಮ್ಯಾ ಓದಿದಳು, ಅತ್ತೆಗೆ ಓದಿ ಹೇಳಲಿಲ್ಲ.

ಸಿದ್ದವ್ವ ಎದ್ದು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದಳು. ಹೊರಗೆ ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಆದರೆ ಎದುರುಮನೆಯವರು ಆಗಲೇ ದೀಪ ಹಚ್ಚಿದ್ದರು. ಬಡಿಯುವ ಸದ್ದಿನಲ್ಲಿ ಅವಳು ಆ ಹರಿದ ಕಿವಿಯ ಗಂಡಿನ ಬಗ್ಗೆ ಯೋಚಿಸಿದಳು. ಮೊದಲ ರೊಟ್ಟಿಯನ್ನು ಅದು ಕಸಿದುಕೊಂಡಿರಲಿಲ್ಲ. ದೂರ ಕೂತು, ಅನುಮಾನದಿಂದ ಮುಖ ಆಚೆ ಮಾಡಿ, ಬಹಳ ಹೊತ್ತಿನ ಮೇಲೆ ಬಂದು ಎತ್ತಿಕೊಂಡಿತ್ತು. ಅವಳೇ ಬಾ ಬಾ ಅಂದಿದ್ದಳು. ಅದರ ಲೆಕ್ಕವನ್ನು ಯಾರಿಗೆ ಕಳಿಸುವುದೆಂದು ಅವಳಿಗೆ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಶ್ರೀಕಾಂತನ ಫೋನು ತಟ್ಟೆಯ ಪಕ್ಕದಲ್ಲಿತ್ತು. ಎರಡನೆಯ ರೊಟ್ಟಿಯ ಹೊತ್ತಿಗೆ ಅದು ಮಿನುಗಿತು. ಅವನು ಎಡಗೈಯಲ್ಲಿ ಎತ್ತಿ ನೋಡಿದ.

"ಏನಂತ?" ಕೇಳಿದಳು ಸೌಮ್ಯಾ.

"ಬಂತು ಅಂತ."

"ಅಷ್ಟ?"

"ಅಷ್ಟ. ರಿಸೀವ್ಡ್, ಅಂತ."

ಅವನು ಫೋನನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡಿದ್ದ. ಇನ್ನೊಂದು ಸಾಲು ಬರಬಹುದು, ಬರೆಯುತ್ತಿರಬಹುದು ಎಂದು ನೋಡುತ್ತಿದ್ದ. ಪರದೆ ಮಸುಕಾದಾಗ ಬೆರಳು ಮುಟ್ಟಿಸಿ ಬೆಳಕು ಮಾಡಿದ, ಮತ್ತೆ ಮಸುಕಾದಾಗ ಮತ್ತೆ ಮುಟ್ಟಿಸಿದ.

ಸಿದ್ದವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಅವನ ಕಡೆ ನೋಡದೆ ಕೇಳಿದಳು.

"ಮತ್ತೇನ ಬರಬೇಕಿತ್ತು ನಿನಗ?"

ಶ್ರೀಕಾಂತ ಫೋನನ್ನು ಬೋರಲು ಹಾಕಿ, ತಟ್ಟೆಯ ಕಡೆ ಬಾಗಿದ. ಆದರೂ ತುತ್ತು ಎತ್ತಲಿಲ್ಲ.